ಕ್ಲಚ್ಚಿಲ್ಲದ ಕಾರು, ಹಲ್ಲಿಲ್ಲದ ಅಜ್ಜಿ

ಎಲೆ ಅಡಿಕೆಯ ಉಗುಳು ಒಣಗುತ್ತದೆ, ಎಣ್ಣೆ ಒಣಗುವುದಿಲ್ಲ. ಇದನ್ನು ತಿಳಿಯಲು ಶಾಲೆ ಬೇಕಾಗಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸಿನ ಅರ್ಧ. ಇದು ಮಾತ್ರ ಅದಕ್ಕೂ ಮೊದಲೇ ಗೊತ್ತಿತ್ತು. ದಿನಾ ಅಂಗಳ ಸಾರಿಸುವ ಕೈಗೆ ನೆಲದ ಮೇಲೆ ಬಿದ್ದದ್ದು ಏನೆಂದು ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ನಾನು ಹೇಳಲಿಲ್ಲ. ಹೇಳದ್ದರಿಂದ ಆದದ್ದನ್ನು ಇಲ್ಲಿ ಬರೆದಿದ್ದೇನೆ. ಅಕ್ಷರ ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ. ಬೇರೆ ಏನನ್ನೂ ತಿದ್ದಬೇಡ ಎಂದು ಹೇಳಿದ್ದೇನೆ.

ಬರೆಯುವ ಬುದ್ಧಿ ಬಂದದ್ದು ಹೋದ ತಿಂಗಳು, ತೀರ್ಥಹಳ್ಳಿಯಲ್ಲಿ ಒಂದು ಮದುವೆಗೆ ಹೋದಾಗ. ಛತ್ರದ ಮುಂದೆ ಹಳೇ ಕಾಲದ ದೊಡ್ಡ ಕಾರೊಂದನ್ನು ಹೂವು ಸುತ್ತಿ ನಿಲ್ಲಿಸಿದ್ದರು. ಮದುಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ಕಾರು ಒಬ್ಬ ಡಾಕ್ಟರದ್ದು. ಅವರು ಒಳ್ಳೇ ಪ್ಯಾಂಟಿನ ಮೊಣಕಾಲಿಗೆ ಮಣ್ಣು ಮಾಡಿಕೊಂಡು ಕಾರಿನ ಕೆಳಗೆ ಒಂದು ರಟ್ಟು ತಳ್ಳುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ.

"ಎಂತಕ್ಕೆ ಅದು?"

"ಎಲ್ಲೋ ಎಣ್ಣೆ ಸೋರ್ತಾ ಇದೆ ಅಜ್ಜಿ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ರಟ್ಟಿನ ಮೇಲೆ ಬಿದ್ರೆ ಜಾಗ ಸಿಕ್ತದೆ."

"ಕೆಂಪಾ?"

ಡಾಕ್ಟರು ತಲೆ ಹೊರಗೆ ಹಾಕಿ ನನ್ನನ್ನು ನೋಡಿದರು.

"ಹೌದು. ನಿಮಗೆ ಹೆಂಗೆ ಗೊತ್ತು?"

"ನಮ್ಮನೇಲೂ ಇಂಥದ್ದೊಂದು ಇತ್ತು. ಇಂಜಿನ್ ಕೆಳಗೆ ಹುಡುಕಬೇಡಿ. ಇನ್ನೂ ಹಿಂದೆ ಹಾಕಿ ರಟ್ಟು, ಮುಂದಿನ ಸೀಟಿನ ಬೆನ್ನಿನ ನೇರಕ್ಕೆ."

ಊಟ ಮುಗಿಸಿ ಕೈ ತೊಳೆಯುವಾಗ ಡಾಕ್ಟರು ಹುಡುಕಿಕೊಂಡು ಬಂದು ನನಗೆ ಕೈ ಮುಗಿದರು. ಹನಿ ಅಲ್ಲೇ ಬಿದ್ದಿತ್ತಂತೆ. ಎಣ್ಣೆ ತಡೆಯುವ ಸಣ್ಣ ಒಂದು ಸೀಲಿನ ಕೆಲಸವಂತೆ. ಯಾರೋ ಗುರುತಿಲ್ಲದವರ ಶೋಕಿಯ ಕಾರಿಗೆ, ಒಂದು ಜನ್ಮ ತಡವಾಗಿ, ನಾನು ನಿಜ ಹೇಳಿದ್ದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಸಾಗರದ ಅಂಚಿನಲ್ಲಿ, ಕಾರ್ಗಲ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಮನೆ ಅಂದರೆ ಮುಂದೆ ಒಂದು ಜಗಲಿ, ಒಳಗೆ ಕಿಟಕಿಯಿಲ್ಲದ ಒಂದು ಕೋಣೆ, ಅದರಾಚೆ ಅಡುಗೆಮನೆ, ಹಿಂದೆ ಬಚ್ಚಲು. ಕೋಣೆ ಅಪ್ಪ ಅವ್ವನದು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದು ಚಾಪೆ ಹಿಡಿಸುವಷ್ಟು ಜಾಗ. ಅಲ್ಲಿ ಅಜ್ಜಿ ಮತ್ತು ನಾನು ಮಲಗುತ್ತಿದ್ದೆವು. ಬಚ್ಚಲ ಒಲೆಯ ಕಾವು ಗೋಡೆ ದಾಟಿ ಈಚೆಗೆ ಬರುತ್ತಿತ್ತು. ಆ ಗೋಡೆ ಬದಿ ಅಜ್ಜಿಗೆ, ಗಾಳಿ ನುಗ್ಗುವ ಬಾಗಿಲ ಬದಿ ನನಗೆ. ಇಬ್ಬರಿಗೂ ಸೇರಿ ಒಂದೇ ಕಂಬಳಿ. ಅಜ್ಜಿ ನಿದ್ದೆಯಲ್ಲಿ ಅದನ್ನು ಮೈಗೆ ಸುತ್ತಿಕೊಂಡು ಹೊರಳಿದಳೆಂದರೆ ನಾನು ಬೆಳಗಾಗುವವರೆಗೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಬಿದ್ದಿರಬೇಕು. ಕಂಬಳಿಯ ಸುದ್ದಿ ಇಷ್ಟುದ್ದ ಯಾಕೆ ಅನ್ನಬೇಡಿ. ಅದರ ಕೆಲಸ ಮುಂದಿದೆ.

ಅಜ್ಜಿ ಅಂದರೆ ಅವ್ವನ ತಾಯಿ. ಅವಳ ಮನೆ ಗದ್ದೆ ಎಲ್ಲಾ ಕಾರ್ಗಲ್ ಹತ್ತಿರ ಕಟ್ಟಿದ ಅಣೆಕಟ್ಟಿನ ನೀರಿನಡಿಗೆ ಹೋಗಿದ್ದವು. ಅವಳ ಮಗನಿಗೆ, ಅಂದರೆ ನನ್ನ ಮಾವನಿಗೆ, ಹೊಸನಗರದ ಆಚೆ ಎಲ್ಲೋ ಕಾಡು ಕಡಿದ ಜಾಗ ಕೊಟ್ಟಿದ್ದರು. ಅಲ್ಲಿ ಇನ್ನೂ ಸೋಗೆ ಗುಡಿಸಲು. ಮುದುಕಿಗೆ ಆ ಥಂಡಿ ಆಗುವುದಿಲ್ಲವೆಂದು ಅವ್ವ ಕರೆದುಕೊಂಡು ಬಂದಿದ್ದಳು. ತಾನು ಅಳಿಯನ ಅನ್ನ ತಿನ್ನುವವಳು ಎಂಬುದು ಅಜ್ಜಿಗೆ ಸದಾ ನೆನಪಿತ್ತು. ಮರೆತರೆ ನೆನಪಿಸಲು ಅಪ್ಪ ಇದ್ದ. ಅಪ್ಪ ಉಂಡು ಎದ್ದ ಮೇಲೆ, ಅವ್ವ ಉಂಡ ಮೇಲೆ, ಅಜ್ಜಿ ಒಲೆಯ ಕಡೆ ಮುಖ ಮಾಡಿ ಗಂಜಿ ಕುಡಿಯುತ್ತಿದ್ದಳು. ಹಲ್ಲು ಒಂದೂ ಇರಲಿಲ್ಲ. ಒಣಮೀನು ಸುಟ್ಟರೆ ಅದರ ತುಂಡನ್ನು ಚೀಪಿ ನನ್ನ ತಟ್ಟೆಗೆ ಹಾಕುತ್ತಿದ್ದಳು, ನಾನು ತಿನ್ನುತ್ತಿರಲಿಲ್ಲ. ಅಳಿಯನ ಎದುರು ನಿಂತು ಅತ್ತೆ ಮಾತಾಡುವ ಕ್ರಮ ನಮ್ಮಲ್ಲಿ ಇರಲಿಲ್ಲ. ಏನಿದ್ದರೂ ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳಬೇಕು. ಅಪ್ಪನೂ ಹಾಗೇ, ಅವ್ವನಿಗೆ ಹೇಳುವ ಹಾಗೆ ಅಜ್ಜಿಗೆ ಹೇಳುವುದು. ಮೂರು ಮಾರು ದೂರದಲ್ಲಿ ಕೂತವರ ಜಗಳ ನನ್ನವ್ವನ ಕಿವಿಯಲ್ಲಿ ಹಾದು ಹೋಗಬೇಕಿತ್ತು.

ಅಜ್ಜಿಗಿದ್ದ ಆಸ್ತಿ ಎರಡು: ಎಲೆ ಅಡಿಕೆಯ ಸಂಚಿ, ಮತ್ತು ಅಂಗೈಯಷ್ಟು ದೊಡ್ಡ ಹಿತ್ತಾಳೆ ಕುಟ್ಟಾಣಿ. ಹಲ್ಲಿಲ್ಲದ್ದರಿಂದ ಎಲೆ, ಅಡಿಕೆ, ಸುಣ್ಣ ಮೂರನ್ನೂ ಅದರಲ್ಲಿ ಕುಟ್ಟಿ ನುಣ್ಣಗೆ ಮಾಡಿ ಬಾಯಿಗೆ ಹಾಕಿಕೊಳ್ಳುವುದು. ಸಂಜೆ ಅಂಗಳದ ಕಟ್ಟೆಯ ಮೇಲೆ ಕೂತು ಟಣ್ ಟಣ್ ಎಂದು ಕುಟ್ಟುತ್ತಿದ್ದಳು. ಉಗುಳುವುದು ಪಕ್ಕದ ದಾಸವಾಳದ ಬುಡಕ್ಕೆ.

ಅಪ್ಪನ ಆಸ್ತಿ ಒಂದೇ, ಕಾರು. ಅಣೆಕಟ್ಟು ಕಟ್ಟುವಾಗ ಕಾರ್ಗಲ್‌ನಲ್ಲಿದ್ದ ಒಬ್ಬ ದೊಡ್ಡ ಸಾಹೇಬರಿಗೆ ಅಪ್ಪ ಡ್ರೈವರ್ ಆಗಿದ್ದ. ಕೆಲಸ ಮುಗಿದು ಸಾಹೇಬರು ಊರು ಬಿಡುವಾಗ ತಮ್ಮ ಹಸಿರು ಬಣ್ಣದ ಕಾರನ್ನು ಅಪ್ಪನಿಗೇ ಬಿಟ್ಟರು. ಜೊತೆಗೆ ಗೇರಿಗೆ ಹಾಕುವ ಎಣ್ಣೆಯ ಒಂದು ಡಬ್ಬ ಕೊಟ್ಟು, ಬೇರೆ ಎಣ್ಣೆ ಯಾವುದೂ ಇದಕ್ಕೆ ಆಗುವುದಿಲ್ಲ ಎಂದಿದ್ದರು. ಸೀಲು ಒಡೆಯದ ಆ ಡಬ್ಬವನ್ನು ಅಪ್ಪ ಅಟ್ಟಕ್ಕೆ ಹಾಕಿದ. ಅಲ್ಲಿಯವರೆಗೆ ಕಾರಿಗೆ ಎಣ್ಣೆ ಹಾಕುವುದು ತೆಗೆಯುವುದು ಎಲ್ಲಾ ಸಾಹೇಬರ ಫಿಟ್ಟರೇ ಮಾಡುತ್ತಿದ್ದ. ಅಪ್ಪನಿಗೆ ಗೊತ್ತಿದ್ದದ್ದು ಓಡಿಸುವುದು, ಒರೆಸುವುದು. ಅದು ಕ್ಲಚ್ಚಿಲ್ಲದ ಕಾರು. ಗೇರು ತಾನಾಗಿ ಬೀಳುತ್ತಿತ್ತು. ಎಡಗಾಲಿಗೆ ಏನೂ ಕೆಲಸವಿಲ್ಲವೆಂದು ಅಪ್ಪ ಅದನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡು, ಊಟಕ್ಕೆ ಕೂತವನ ಹಾಗೆ ಕೂತು ಓಡಿಸುತ್ತಿದ್ದ. ಅದನ್ನು ನೋಡಲು ಬಸ್‌ಸ್ಟ್ಯಾಂಡಿನಲ್ಲಿ ಜನ ಬಗ್ಗುತ್ತಿದ್ದರು. ಮದುವೆ, ಹೆಣ್ಣು ನೋಡುವುದು, ಬಾಣಂತಿ ಕರೆತರುವುದು, ಹೀಗೆ ಸಾಗರದಿಂದ ಹೊಸನಗರ, ತೀರ್ಥಹಳ್ಳಿಯವರೆಗೆ ಬಾಡಿಗೆ ಸಿಗುತ್ತಿತ್ತು. ನಾಲ್ಕು ಜನರ ಹೊಟ್ಟೆ ಅದರ ಮೇಲೆ. ಅಜ್ಜಿ ನನ್ನ ಹತ್ತಿರ ಮೆಲ್ಲಗೆ ಹೇಳುತ್ತಿದ್ದಳು:

"ಅದಕ್ಕೆ ಕ್ಲಚ್ಚಿಲ್ಲ, ನಂಗೆ ಹಲ್ಲಿಲ್ಲ. ಎರಡೂ ಓಡ್ತಾವೆ ನೋಡು ಕೂಸೆ. ಆದ್ರೆ ನಿನ್ನಪ್ಪ ಒರೆಸೋದು ಅದನ್ನೊಂದೇ."

ಬೆಳಿಗ್ಗೆ ಅಪ್ಪ ಕಾರನ್ನು ರಸ್ತೆಗೆ ತೆಗೆದ ಮೇಲೆ ಅಂಗಳ ಗುಡಿಸಿ ಸಗಣಿ ಸಾರಿಸುವುದು ನನ್ನ ಕೆಲಸ. ಒಂದು ದಿನ ಕಾರು ನಿಂತಿದ್ದ ಜಾಗದ ನಟ್ಟನಡುವೆ ಕೆಂಪು ಕಲೆ ಕಂಡೆ. ಮೊದಲು ನಾನೂ ಉಗುಳೆಂದೇ ತಿಳಿದೆ. ಸಾರಿಸಲು ಹೋದರೆ ಸಗಣಿ ಅಲ್ಲಿ ಹಿಡಿಯಲಿಲ್ಲ. ನೀರು ಗುಂಡು ಗುಂಡಾಗಿ ಬದಿಗೆ ಸರಿಯಿತು. ಬೆರಳಿಗೆ ಹತ್ತಿದ್ದು ಜಾರುತ್ತಿತ್ತು. ಅಜ್ಜಿಯ ಉಗುಳಿನ ಅಂಚಿಗೆ ಸುಣ್ಣದ ಬಿಳಿ ಇರುತ್ತದೆ, ಬಿಸಿಲಿಗೆ ಹೊಪ್ಪಳೆ ಏಳುತ್ತದೆ, ಇರುವೆ ಮುತ್ತುತ್ತವೆ. ಇದಕ್ಕೆ ಇರುವೆ ಬರಲಿಲ್ಲ. ಮಧ್ಯಾಹ್ನವಾದರೂ ಹಸಿಯಾಗೇ ಇತ್ತು. ಮಾರನೇ ದಿನವೂ ಅದೇ ಜಾಗದಲ್ಲೇ ಬಿತ್ತು. ಕಾರಿನ ಕೆಳಗೆ ಅಷ್ಟು ಒಳಗೆ ಉಗುಳಬೇಕಾದರೆ ಅಜ್ಜಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕು. ಆದರೆ ಕಾರು ಹೋದ ಮೇಲೆ ಅಂಗಳ ಬರೀ ಅಂಗಳ. ಕಾರು ಎಲ್ಲಿಂದ ಎಲ್ಲಿಯವರೆಗೆ ನಿಂತಿತ್ತೆಂದು ಸಾರಿಸುವವಳ ಹೊರತು ಯಾರಿಗೆ ನೆನಪಿರುತ್ತದೆ?

ಅಪ್ಪ ಅದನ್ನು ಕಂಡದ್ದು ಕಾರ್ಗಲ್ ಕಡೆಯ ಒಬ್ಬ ಪಟೇಲರ ದೆಸೆಯಿಂದ. ಮಗನಿಗೆ ಹೆಣ್ಣು ನೋಡಲು ತೀರ್ಥಹಳ್ಳಿಗೆ ಹೊರಟವರು ಬೆಳಿಗ್ಗೆಯೇ ನಮ್ಮ ಮನೆಗೆ ಬಂದಿದ್ದರು. ಅಪ್ಪ ಕಾರನ್ನು ರಸ್ತೆಗೆ ತೆಗೆದು ಹಾರನ್ ಹೊಡೆದ. ಪಟೇಲರು ಅಂಗಳ ದಾಟುವಾಗ ಕಾಲು ಜಾರಿ ಕೂತೇಬಿಟ್ಟರು. ಎದ್ದರೆ ಬಿಳಿ ಪಂಚೆಯ ಹಿಂಭಾಗ ಕೆಂಪು.

"ಎಂತ ಮಾರಾಯಾ, ಹೆಣ್ಣು ನೋಡೋಕೆ ಹೊರಟವನ ಪಂಚೆಗೆ ಎಲೆ ಉಗುಳು ಬಳಿದ್ಯಲ್ಲ! ಕಾರು ನೋಡಿದ್ರೆ ಸಾಹೇಬರದ್ದು, ಅಂಗಳ ನೋಡಿದ್ರೆ ಬಸ್‌ಸ್ಟ್ಯಾಂಡು!"

ಅಪ್ಪ ತನ್ನ ಮದುವೆಯ ಪಂಚೆ ಉಡಿಸಿ ಅವರನ್ನು ಕರೆದುಕೊಂಡು ಹೋದ. ಸಂಜೆ ವಾಪಸು ಬಂದವನು ಚಪ್ಪಲಿ ಕೂಡ ಬಿಡದೆ ಅವ್ವನನ್ನು ಕರೆದ.

"ಸೀತೆ, ನಿನ್ನಮ್ಮಂಗೆ ಕೇಳು. ಉಗುಳೋಕೆ ಬೇರೆ ಜಾಗ ಸಿಗ್ಲಿಲ್ವಾ ಅಂತ."

ಬಾಗಿಲ ಮರೆಯಿಂದ ಅಜ್ಜಿ ಹೇಳಿದಳು:

"ಹೇಳೇ ಸೀತೆ, ನಾನು ಉಗುಳೋದು ದಾಸವಾಳದ ಬುಡಕ್ಕೆ. ನನ್ನ ಬಾಯಿ ಎಂತ ಪಿಚಕಾರಿಯಾ, ಅಲ್ಲಿಂದ ಇಲ್ಲಿಗೆ ಹಾರ್ಸೋಕೆ?"

"ತಮಾಷೆ ಬೇರೆ! ನಾಳೆಯಿಂದ ಈ ಮನೇಲಿ ಎಲೆ ಅಡಿಕೆ ಕಾಣಬಾರ್ದು. ಕಂಡ್ರೆ ಎಲೆ ಇರಬೇಕು, ಇಲ್ಲಾ ನಿನ್ನಮ್ಮ ಇರಬೇಕು."

ಅವ್ವ ಸಂಚಿಯನ್ನೂ ಕುಟ್ಟಾಣಿಯನ್ನೂ ಎತ್ತಿ ಅಟ್ಟದ ಮೇಲೆ ಎಣ್ಣೆ ಡಬ್ಬದ ಪಕ್ಕ ಇಟ್ಟಳು. ಅಜ್ಜಿ ಆ ಸಂಜೆಯಿಂದ ಕಟ್ಟೆಯ ಮೇಲೆ ಬರಿಬಾಯಲ್ಲಿ ಕೂರತೊಡಗಿದಳು. ದವಡೆ ಮಾತ್ರ ಆಡುತ್ತಲೇ ಇರುತ್ತಿತ್ತು. ಮೂರನೇ ದಿನ ಮತ್ತೆ ಕೆಂಪು ಬಿತ್ತು, ಅಪ್ಪನೇ ನೋಡಿದ. ಕದ್ದು ಹಾಕಿಕೊಳ್ಳುತ್ತಾಳೆ ಎಂದು ಅಜ್ಜಿಯ ಚಾಪೆ ಕೊಡವಿಸಿದ, ಅವಳ ಸೀರೆಯ ಗಂಟು ಬಿಚ್ಚಿಸಿದ. ಅಜ್ಜಿ ಬಾಯಿ ತೆಗೆದು ಅವ್ವನಿಗೆ ತೋರಿಸಿದಳು. ಒಳಗೆ ಏನೂ ಇರಲಿಲ್ಲ, ಬಿಳಿಚಿದ ವಸಡು. ಅವ್ವ ನೋಡಿದಳು, ಅಪ್ಪನಿಗೆ ಹೇಳಲಿಲ್ಲ. ಮಧ್ಯಾಹ್ನ ಪಾತ್ರೆ ತಿಕ್ಕುವಾಗ ನಾನು ಅವ್ವನಿಗೆ ಹೇಳಿದೆ. ಆ ಒಂದು ಸಲ ಹೇಳಿದ್ದು ನಿಜ.

"ಅವ್ವಾ, ಅದು ಉಗುಳಲ್ಲ. ಜಾರ್ತದೆ. ಎಣ್ಣೆ ಅದು. ಕಾರಿಂದೇ ಬೀಳ್ತದೆ."

"ನಿನ್ನಪ್ಪನ ಕಾರು ಸೋರ್ತದೆ ಅಂತ ನೀನು ಹೇಳ್ತೀಯಾ, ನಾನು ಹೇಳ್ಲಾ? ಲಾರಿಗಳ ಹಾಗೆ ನಮ್ಮ ಕಾರು ಹನಿ ಹಾಕೋದಿಲ್ಲ ಅಂತ ಊರಿಗೆಲ್ಲ ಸಾರ್ಕೊಂಡು ಬಂದಿದಾರೆ. ಸುಮ್ನೆ ತಿಕ್ಕು."

ನಾನು ತಿಕ್ಕಿದೆ. ನಾಲ್ಕು ದಿನ ಬಿಟ್ಟು ಅಜ್ಜಿಯನ್ನು ಹೊಸನಗರದ ಬಸ್ಸು ಹತ್ತಿಸಿದರು. ಕಾರು ಅಂಗಳದಲ್ಲೇ ಇತ್ತು. ಅವ್ವ ಕೊನೇ ಗಳಿಗೆಯಲ್ಲಿ ಸಂಚಿ, ಕುಟ್ಟಾಣಿಯನ್ನು ಅಟ್ಟದಿಂದ ಇಳಿಸಿ ಅಜ್ಜಿಯ ಗಂಟಿಗೆ ಸೇರಿಸಲು ಹೋದಳು. ಅಜ್ಜಿ ತೆಗೆದು ಜಗಲಿಯ ಮೇಲಿಟ್ಟಳು.

"ಇಟ್ಕೋ. ನಿನ್ನಮ್ಮ ಎಲೆ ಬಿಟ್ಳು ಅಂತ ನಿನ್ನ ಗಂಡಂಗೆ ಹೇಳು."

ಆಮೇಲೆ ನನ್ನ ಕೈ ಹಿಡಿದು ಅಂಗಳದ ಮೂಲೆಗೆ ಕರೆದುಕೊಂಡು ಹೋದಳು. ಅವಳ ಕೈ ಒಣ ಹಾಳೆಯ ಹಾಗಿತ್ತು.

"ಕೂಸೆ, ಸಾರ್ಸೋಳು ನೀನು. ನಿಂಗೆ ಗೊತ್ತು ಅಂತ ನಂಗೆ ಗೊತ್ತು. ನಾನು ಹೋದ ಮೇಲೂ ಅದು ಬೀಳ್ತದೆ. ಬಿದ್ದ ದಿನ ನಿನ್ನಪ್ಪನ್ನ ಕರೆದು ತೋರ್ಸು. ಅಷ್ಟು ಮಾಡು. ನಾನು ಗಂಟು ಬಿಚ್ಚದೇ ಕಾಯ್ತೀನಿ."

ಹೂಂ ಎಂದೆ. ಎರಡನೇ ದಿನವೇ ಬಿತ್ತು. ನಾನು ಪೊರಕೆ ಹಿಡಿದು ನಿಂತಿದ್ದೆ, ಅಪ್ಪ ರಸ್ತೆಯಲ್ಲಿ ಕಾರಿನ ಗಾಜು ಒರೆಸುತ್ತಿದ್ದ. ಒಂದು ಸಲ ಕೂಗಿದ್ದರೆ ಸಾಕಿತ್ತು. ಅವ್ವ ಒಳಗಿನಿಂದ ಬಂದು ಕಲೆ ನೋಡಿದಳು, ನನ್ನ ಮುಖ ನೋಡಿದಳು. ಬುಟ್ಟಿಯಿಂದ ಸಗಣಿ ತೆಗೆದು ತಾನೇ ಅದರ ಮೇಲೆ ಬಳಿದಳು.

"ಈಗ ಹೇಳಿದ್ರೆ ಎಂತ ಆಗ್ತದೆ? ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ ನಮ್ಮಿಬ್ರ ಮೇಲೂ ಕೈ ಮಾಡ್ತಾರೆ. ಸ್ವಲ್ಪ ದಿನ ಹೋಗ್ಲಿ. ನಾನೇ ಹೇಳ್ತೀನಿ."

ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತಿನಿಂದ ಕಾರಿನ ಚಕ್ರ ಅಂಗಳ ದಾಟುವುದೇ ತಡ, ನಾನು ಮೊದಲು ಆ ಜಾಗವನ್ನೇ ಬೂದಿ ಹಾಕಿ ತಿಕ್ಕಿ ಸಾರಿಸುತ್ತಿದ್ದೆ. ಸುಳ್ಳು ಬರೆಯುವುದಿಲ್ಲ. ಹೆದರಿಕೆ ಒಂದೇ ಕಾರಣವಲ್ಲ. ಈಗ ಗೋಡೆ ಬದಿ ನನ್ನದಾಗಿತ್ತು. ಕಂಬಳಿ ಪೂರ್ತಿ ನನ್ನದಾಗಿತ್ತು. ಜನ್ಮದಲ್ಲಿ ಮೊದಲ ಸಲ ನಾನು ಕಾಲು ಚಾಚಿ ಬೆಚ್ಚಗೆ ಮಲಗುತ್ತಿದ್ದೆ. ಅಜ್ಜಿ ಗಂಟು ಬಿಚ್ಚದೆ ಕಾಯುತ್ತಿದ್ದಾಳೆ ಎಂಬುದು ಮಲಗುವಾಗ ನೆನಪಿಗೆ ಬಂದರೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆ. ಸ್ವಲ್ಪ ದಿನಕ್ಕೆ ಅದೂ ಬರಲಿಲ್ಲ. ಅಂಗಳದಲ್ಲಿ ಕೆಂಪು ಕಾಣದಿದ್ದದ್ದು ಅಪ್ಪನಿಗೆ ಖುಷಿ. ನೋಡು, ಮುದುಕಿ ಹೋದದ್ದೇ ಅಂಗಳ ಹಸನಾಯಿತು ಎಂದು ಉಣ್ಣುವಾಗ ಅವ್ವನಿಗೆ ಹೇಳುತ್ತಿದ್ದ. ಅವ್ವ ಅನ್ನ ಬಡಿಸುತ್ತಿದ್ದಳು.

ಒಂದೂವರೆ ತಿಂಗಳಾಗಿರಬಹುದು. ತೀರ್ಥಹಳ್ಳಿಯಿಂದ ಮದುವೆ ದಿಬ್ಬಣ ಹೊತ್ತು ಬರುವಾಗ ಒಂದು ಏರಿನಲ್ಲಿ ಕಾರು ನಿಂತಿತು. ಇಂಜಿನ್ ಕೂಗುತ್ತಿತ್ತಂತೆ, ಚಕ್ರ ತಿರುಗಲಿಲ್ಲವಂತೆ. ಮದುಮಗಳು ಇಳಿದು ನಡೆದಳಂತೆ. ಮಾರನೇ ದಿನ ಒಂದು ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ತಂದರು. ಅಪ್ಪನ ಎಡಗಾಲು ಅವತ್ತು ನೆಲಕ್ಕಿತ್ತು. ಸಾಗರದ ಪೇಟೆಯಿಂದ ಫಿಟ್ಟರ್ ಖಾದರ್ ಸಾಬರು ಬಂದರು. ಲಾರಿ, ಬಸ್ಸಿನ ಕೆಲಸದಲ್ಲಿ ಅವರಿಗೆ ಒಳ್ಳೇ ಹೆಸರು. ಇಂಥ ಗೇರನ್ನು ಅವರೂ ಕಂಡಿರಲಿಲ್ಲ. ಮುಂದಿನ ಮುಚ್ಚಳ ಎತ್ತಿ ಹುಡುಕಿ ಹುಡುಕಿ ಗೇರಿನ ಎಣ್ಣೆ ನೋಡುವ ಕಡ್ಡಿ ಎಳೆದರು. ಅಂಥದ್ದೊಂದು ಕಡ್ಡಿ ಇದೆಯೆಂದು ಅಪ್ಪನಿಗೆ ಗೊತ್ತಾದದ್ದೇ ಆಗ. ಕಡ್ಡಿಯ ತುದಿ ಒಣಗಿತ್ತು. ಸಾಬರು ಕಾರಿನ ಕೆಳಗೆ ತೂರಿದರು. ದಾರಿಯ ಕೆಮ್ಮಣ್ಣಿನ ಕೆಸರು ಹೊಟ್ಟೆಯಡಿಗೆಲ್ಲ ಮೆತ್ತಿಕೊಂಡು, ಎಲ್ಲಾ ಒದ್ದೆ, ಎಲ್ಲಾ ಕೆಂಪು.

"ಎಣ್ಣೆ ಖಾಲಿ ಆಗಿದೆ ಅಣ್ಣಾ. ಕೆಳಗೆ ಬೀಳ್ತಿತ್ತಾ?"

"ನಮ್ಮ ಅಂಗಳ ನೋಡಿ ಸಾಬ್ರೇ. ಒಂದು ಹನಿ ತೋರ್ಸಿ."

"ಹಾಗಾದ್ರೆ ಎಲ್ಲಿ ಹೋಯ್ತು? ತೊಳೆದು ನೋಡೋಣ. ಎಣ್ಣೆ ತುಂಬಿ, ಇಂಜಿನ್ ಸ್ವಲ್ಪ ಓಡ್ಸಿ, ಕೆಳಗೆ ಬಿಳಿ ಬಟ್ಟೆ ಹಾಸೋಣ. ಬೆಳಿಗ್ಗೆವರೆಗೆ ಬಿಡೋಣ. ಸೋರ್ತಿದ್ರೆ ಬಟ್ಟೆನೇ ಹೇಳ್ತದೆ ಎಲ್ಲಿಂದ ಅಂತ. ಹೊರಗೆ ಸೋರೋದಾದ್ರೆ ಪುಣ್ಯ, ಸೀಲೋ ವಾಶರೋ ಹಾಕಿ ಮುಗಿಸ್ಬಹುದು. ಬೀಳ್ಲಿಲ್ಲ ಅಂದ್ರೆ ಮಾತ್ರ ಒಳಗೆಲ್ಲೋ ಇಂಜಿನ್ನೇ ಎಳ್ಕೊಂಡು ಸುಡ್ತಿದೆ ಅಂತ. ಆಗ ಪೂರಾ ಬಿಚ್ಬೇಕು."

ಅಪ್ಪ ಅಟ್ಟದಿಂದ ಸಾಹೇಬರ ಡಬ್ಬ ಇಳಿಸಿದ. ಸಾಬರು ಉಳಿಯಿಂದ ತೂತು ಹೊಡೆದು ಆಲಿಕೆಗೆ ಬಗ್ಗಿಸಿದರು. ಎಣ್ಣೆ ಹೊರಗೆ ಬಂತು. ಕೆಂಪಗೆ, ಶರಬತ್ತಿನ ಹಾಗೆ. ಅಪ್ಪ ಅದನ್ನು ನೋಡಿದ. ಆಮೇಲೆ ಅಂಗಳ ನೋಡಿದ. ಅವನ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ.

"ಗೇರಿನ ಎಣ್ಣೆ ಕಪ್ಪಲ್ವಾ ಸಾಬ್ರೇ?"

"ಲಾರಿಯದ್ದು ಕಪ್ಪು. ಇದು ಯಾವುದೋ ಬೇರೆ ಜಾತಿ."

ಅಪ್ಪ ಜಗಲಿಯ ಮೇಲೆ ಕೂತ. ಕೊನೆಗೆ ಒಳಗೆ ಕೇಳುವ ಹಾಗೆ ಹೇಳಿದ:

"ಸೀತೆ, ನಾಳೆ ಬೆಳಿಗ್ಗೆ ಆ ಬಟ್ಟೆ ಮೇಲೆ ಕೆಂಪು ಬಿದ್ದಿದ್ರೆ, ನಾನೇ ಹೊಸನಗರಕ್ಕೆ ಹೋಗ್ತೀನಿ. ಅತ್ತೆಮ್ಮನ ಕಾಲಿಗೆ ಬಿದ್ದು ಕರ್ಕೊಂಡು ಬರ್ತೀನಿ."

ಅಪ್ಪನ ಬಾಯಲ್ಲಿ ಅಂಥ ಮಾತು ಅದೇ ಮೊದಲು, ಅದೇ ಕೊನೆ. ಹಿಟ್ಟಿನ ಚೀಲ ಬಿಚ್ಚಿ ಒಗೆದು ಮಡಚಿಟ್ಟ ಬಿಳಿ ಬಟ್ಟೆ ಅವ್ವನ ಹತ್ತಿರ ಒಂದು ಕಟ್ಟು ಇತ್ತು. ಅದರಲ್ಲಿ ಮೂರನ್ನು ಸಾಲಾಗಿ ಕಾರಿನ ಕೆಳಗೆ ಹಾಸಿ, ಗಾಳಿಗೆ ಹಾರದ ಹಾಗೆ ಮೂಲೆಗೆ ಕಲ್ಲು ಇಟ್ಟರು.

ಬೆಳಕು ಹರಿಯುವಾಗ ನಾನು ಸಗಣಿ ಬುಟ್ಟಿ ಹಿಡಿದು ಹೊರಗೆ ಬಂದೆ. ಬಗ್ಗಿ ನೋಡಿದೆ. ಮುಂದಿನ ಬಟ್ಟೆ ಬಿಳಿ. ಹಿಂದಿನದು ಬಿಳಿ. ನಡುವಿನ ಬಟ್ಟೆಯ ಮೇಲೆ ಕೆಂಪು ಹನಿಗಳು, ಯಾರೋ ಬೆರಳಿನಿಂದ ಇಟ್ಟ ಹಾಗೆ. ನಾನು ದಿನಾ ಸಾರಿಸುತ್ತಿದ್ದ ಜಾಗದ ನೇರಕ್ಕೇ ಇದ್ದವು. ಅಪ್ಪ ಎದ್ದಿರಲಿಲ್ಲ. ಬಟ್ಟೆ ಮಾತಾಡಿದರೆ ಅಪ್ಪ ಮೊದಲು ಕೇಳುವುದು ನನ್ನನ್ನೇ: ದಿನಾ ಸಾರಿಸುವವಳು ನೀನು, ಒಂದೂವರೆ ತಿಂಗಳು ಏನು ನೋಡುತ್ತಿದ್ದೆ? ಆಮೇಲೆ ಅಜ್ಜಿ ಬರುತ್ತಾಳೆ. ಬಂದು ನನ್ನ ಮುಖ ನೋಡುತ್ತಾಳೆ. ಹೂಂ ಅಂದಿದ್ದೆಯಲ್ಲ ಅನ್ನುತ್ತಾಳೆ. ಅನ್ನದೆಯೂ ಇರಬಹುದು, ಅದು ಇನ್ನೂ ಕಷ್ಟ. ನಾನು ಒಳಗೆ ಹೋಗಿ ಕಟ್ಟಿನಿಂದ ಒಂದು ಬಟ್ಟೆ ತಂದೆ. ಕಲ್ಲು ಸರಿಸಿ ಕೆಂಪಾದದ್ದನ್ನು ಎಳೆದು, ಬಿಳಿಯದನ್ನು ಹಾಸಿ, ಕಲ್ಲನ್ನು ಮೊದಲಿನ ಹಾಗೇ ಇಟ್ಟೆ. ನನಗೆ ಹೀಗೆ ಮಾಡು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ತೆಗೆದ ಬಟ್ಟೆಯನ್ನು ಬಚ್ಚಲ ಒಲೆಗೆ ತುರುಕಿದೆ. ಎಣ್ಣೆಗೆ ಅದು ಭುಗ್ಗೆಂದು ಹತ್ತಿಕೊಂಡಿತು. ಹಿಂದೆ ತಿರುಗಿದರೆ ಬಾಗಿಲಲ್ಲಿ ಅವ್ವ. ಮೂಗಿಗೆ ವಾಸನೆ ಹೊಡೆದಿರಬೇಕು. ಅವಳು ಬಂದು ಉರಿಯುತ್ತಿದ್ದ ಕೊಳ್ಳಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದಳು. ಹಂಡೆಯ ನೀರು ಮುಟ್ಟಿ ನೋಡಿ ಹೋದಳು.

ಸಾಬರು ಬಂದು ಮೂರು ಬಟ್ಟೆಯನ್ನೂ ಎಳೆದು ಬಿಸಿಲಿಗೆ ಹಿಡಿದರು. ನಡುವಿನದನ್ನು ಎರಡು ಸಲ ತಿರುಗಿಸಿ ನೋಡಿದರು. ಅಪ್ಪ ಎದ್ದು ನಿಂತ. ಅವನ ಮುಖದಲ್ಲಿ ಬಂದದ್ದು ಸಮಾಧಾನ.

"ಬಿದ್ದಿಲ್ಲ! ಕಂಡ್ಯಾ ಸೀತೆ? ನಾನು ಸುಮ್ನೆ ಅನುಮಾನ ಪಟ್ಟೆ. ಉಗುಳೇ ಅದು."

"ಒಳಗೇ ಸುಡ್ತಿದೆ ಅಣ್ಣಾ," ಎಂದರು ಸಾಬರು. "ಬಿಚ್ಬೇಕು."

ಬಿಚ್ಚಿದರು. ಜಗಲಿಯ ತುಂಬ ಗೋಣಿ ಹಾಸಿ, ಒಂದೊಂದು ಸಾಮಾನನ್ನೂ ಒಂದೊಂದು ಅಡಿಕೆ ಹಾಳೆಯ ಮೇಲೆ ಇಡುತ್ತಾ ಹೋದರು. ಬಿಲ್ಲೆಗಳು, ಸ್ಪ್ರಿಂಗುಗಳು, ಕಡಲೆಯಷ್ಟು ಸಣ್ಣ ಗುಂಡುಗಳು. ಐದನೇ ದಿನಕ್ಕೆ ಯಾವುದರ ಮೇಲೆ ಯಾವುದು ಎಂಬುದು ಸಾಬರಿಗೂ ಗೊತ್ತಾಗದೆ ಹೋಯಿತು. ಮೂರು ತಾಲೂಕಿನಲ್ಲಿ ಕೇಳಲು ಇನ್ನೊಬ್ಬನಿರಲಿಲ್ಲ. ಅಷ್ಟರಲ್ಲಿ ಹೊಸನಗರದಿಂದ ಆಳು ಬಂದ. ಅಜ್ಜಿ ಹೋಗಿದ್ದಳು. ಜ್ವರವಂತೆ, ಥಂಡಿಯಂತೆ, ಅನ್ನ ಬಿಟ್ಟಿದ್ದಳಂತೆ. ಗಂಟು ಬಿಚ್ಚಿದ್ದಳಾ ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಹೋಗಿ ಮಣ್ಣು ಮಾಡಿ ಬಂದೆವು. ಬರುವಾಗ ಅಪ್ಪ ಕಿಟಕಿಯ ಕಡೆ ನೋಡುತ್ತಾ ಹೇಳಿದ:

"ಉಗುಳೋದು ಒಂದು ಬಿಟ್ರೆ ಒಳ್ಳೇ ಹೆಂಗ್ಸು."

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಾರನೇ ದಿನ ಸಾಬರು ಬಿಚ್ಚಿಟ್ಟ ಸಾಮಾನನ್ನು ಒರೆಸುವಾಗ, ಹಿಂದೆ ಶಾಫ್ಟು ಹೊರಬರುವ ಕಡೆಯ ಸೀಲನ್ನು ಬೆರಳಿಗೆ ಹಾಕಿಕೊಂಡು ಬೆಳಕಿಗೆ ಹಿಡಿದರು. ಬಳೆಯಷ್ಟು ಅಗಲದ್ದು. ಒಂದು ಕಡೆ ಸೀಳಿತ್ತು.

"ಅಣ್ಣಾ, ಇದು ಹರಿದಿದೆ. ಇಲ್ಲಿಂದ್ಲೇ ಸೋರ್ಬೇಕು. ಇದೊಂದನ್ನು ಹಾಕಿದ್ರೆ ಸಾಕಿತ್ತು. ಆದ್ರೆ ಬಟ್ಟೆ ಮೇಲೆ ಯಾಕೆ ಬೀಳ್ಲಿಲ್ಲ?"

ಅಪ್ಪ ಸೀಲನ್ನು ಇಸಿದುಕೊಂಡು ನೋಡಿದ. ಸಾಬರು ಒಂದು ಸಲ ನನ್ನ ಕಡೆ ನೋಡಿದರು. ನಾನು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದೆ.

ಕಾರು ಮತ್ತೆ ಓಡಲಿಲ್ಲ. ಒಳಗೆ ಕೋಳಿ ಮೊಟ್ಟೆ ಇಟ್ಟವು, ಆಮೇಲೆ ಗುಜರಿಯವನು ಒಯ್ದ. ಖಾದರ್ ಸಾಬರಿಗೆ ಒಂದು ಕಾರು ಕೆಡಿಸಿದವರು ಎಂದು ಹೆಸರಾಯಿತು. ಅಪ್ಪ ಇನ್ನೊಬ್ಬರ ಲಾರಿಗೆ ಕೂತ, ಎರಡೂ ಕಾಲಲ್ಲಿ ಓಡಿಸಿದ. ನಾನು ಶಾಲೆ ಬಿಟ್ಟು ಅವ್ವನ ಜೊತೆ ಮಂಡಿಗೆ ಅಡಿಕೆ ಆರಿಸಲು ಹೋದೆ. ಅವ್ವ ಸಾಯುವವರೆಗೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಅವಳ ಜೊತೆ ಒಂದೇ ಒಲೆಯ ಮುಂದೆ ಎಷ್ಟೋ ವರ್ಷ ಕೂತೆ, ಬೇರೆ ಮಾತೂ ಹೆಚ್ಚಿರಲಿಲ್ಲ. ಜನ ನನ್ನನ್ನು ಗಟ್ಟಿ ಹೆಂಗಸು ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡಿರಲು ಚಿಕ್ಕಂದಿನಲ್ಲೇ ಕಲಿತಿದ್ದೆ, ಅದನ್ನು ಗಟ್ಟಿತನ ಎಂದು ತಿಳಿದಿದ್ದಾರೆ. ಆ ಕುಟ್ಟಾಣಿ ಈಗ ನನ್ನ ಅಡುಗೆಮನೆಯಲ್ಲಿದೆ. ಶುಂಠಿ ಕುಟ್ಟುತ್ತೇನೆ.

ಅಪ್ಪನಿಗೆ ಮಾತ್ರ ಅದು ಮುಗಿಯಲಿಲ್ಲ. ಸೀಲು ಹರಿದಿತ್ತು, ಬಟ್ಟೆ ಒಣಗಿತ್ತು. ಎರಡೂ ಹೇಗೆ ನಿಜವಾಗುತ್ತವೆ ಎಂದು ಸಿಕ್ಕ ಸಿಕ್ಕ ಮೆಕ್ಯಾನಿಕ್ಕುಗಳನ್ನೆಲ್ಲ ಕೇಳಿದ. ಶಿವಮೊಗ್ಗಕ್ಕೆ ಹೋದಾಗ ಕೇಳಿದ, ಮಂಗಳೂರಿಗೆ ಲಾರಿ ಒಯ್ದಾಗ ಕೇಳಿದ. ಇಂಜಿನ್ ತಣ್ಣಗಿದ್ದರೆ ಬೀಳಲಿಕ್ಕಿಲ್ಲ ಎಂದ ಒಬ್ಬ. ನೆಲ ಇಳಿಜಾರಿದ್ದಿರಬೇಕು ಎಂದ ಇನ್ನೊಬ್ಬ. ಮುದುಕನಾಗಿ ಹೊಸನಗರದಲ್ಲಿ ನಾನು ಮದುವೆಯಾಗಿ ಹೋದ ಮನೆಗೆ ಬಂದ ಮೇಲೂ ಅಂಗಳದಲ್ಲಿ ಕೋಲಿನಿಂದ ಶಾಫ್ಟಿನ ಚಿತ್ರ ಬರೆದು ಬರೆದು ನೋಡುತ್ತಿದ್ದ. ಅವನಿಗೆ ಬೇಕಾದ ಉತ್ತರ ಅವನಿಗೆ ನೀರು ಕಾಯಿಸಿ ಕೊಡುತ್ತಿತ್ತು, ಬಟ್ಟೆ ಒಗೆಯುತ್ತಿತ್ತು. ಎಷ್ಟೋ ಸಲ ಹೇಳೋಣ ಎಂದು ಹತ್ತಿರ ಹೋಗಿ, ಚಹಾ ಬೇಕಾ ಎಂದು ಕೇಳಿ ಬಂದಿದ್ದೇನೆ.

ಅವನು ಹಾಸಿಗೆ ಹಿಡಿದು ಕೊನೇ ದಿನಗಳಲ್ಲಿದ್ದಾಗ ಒಂದು ಮಧ್ಯಾಹ್ನ ಗಂಜಿ ಕುಡಿಸಲು ಕೂತಿದ್ದೆ. ಅಪ್ಪನ ಹಲ್ಲುಗಳೂ ಆಗ ಹೋಗಿದ್ದವು. ಚಮಚ ಬಾಯಿಯ ಹತ್ತಿರ ಹೋದಾಗ ನನ್ನ ಕೈ ಹಿಡಿದುಕೊಂಡ.

"ಒಂದು ಹನಿ, ಕೂಸೆ. ಒಂದೇ ಒಂದು ಹನಿ ಆ ಬಟ್ಟೆ ಮೇಲೆ ಬಿದ್ದಿದ್ರೆ ಸಾಕಿತ್ತು. ಅವತ್ತು ನಿನ್ನಜ್ಜಿ ಬದುಕಿದ್ಲು. ನಾನು ಹೋಗ್ತಿದ್ದೆ. ಖಂಡಿತ ಹೋಗ್ತಿದ್ದೆ. ಯಾಕೆ ಬೀಳ್ಲಿಲ್ಲ?"

ಏಳು ಬಿದ್ದಿದ್ದವು. ಎಳೆಯುವ ಮೊದಲು ನಾನು ಎಣಿಸಿದ್ದೆ.

"ಗಂಜಿ ಆರ್ತದೆ ಅಪ್ಪಾ," ಎಂದೆ. "ಬಾಯಿ ತೆಗಿ."

ತೆಗೆದ.